ಬೂದುಗುಂಬಳವೂ ಸುಣ್ಣದ ನೀರೂ

ಬೂದುಗುಂಬಳದ ತಿರುಳಿನಲ್ಲಿ ನೂರಕ್ಕೆ ಸುಮಾರು 96 ಪಾಲು ನೀರೇ ಇರುವುದು. ಚೀನದವರು ಔತಣಗಳಲ್ಲಿ ಈ ಕಾಯಿಯ ಬೀಜವನ್ನು ತೆಗೆದು, ಒಳಗೆ ಸಾರನ್ನು ತುಂಬಿ, ಕಾಯಿಯನ್ನೇ ಪಾತ್ರೆಯಾಗಿಸಿ ಹಬೆಯಲ್ಲಿ ಬೇಯಿಸುವುದುಂಟು. ಆಗ ತಿರುಳು ನಮ್ಮ ಮಜ್ಜಿಗೆಹುಳಿಯ ಹೋಳಿನಂತೆಯೇ ಬಾಯಲ್ಲಿ ಕರಗುವಷ್ಟು ಮೃದುವಾಗುತ್ತದೆ. ಆಗ್ರಾ ನಗರದ ಪೇಠಾ ಎಂಬ ಮಿಠಾಯಿಯನ್ನು ಮಾಡುವುದೂ ಇದೇ ಕಾಯಿಯಿಂದ. ಆದರೆ ಸಕ್ಕರೆಯ ಪಾಕದಲ್ಲಿ ಕುದಿದರೂ ಅದರ ಹೋಳುಗಳು ಅಂಚು ಕೆಡದೆ ಗಟ್ಟಿಯಾಗಿ ನಿಲ್ಲುತ್ತವೆ. ಇದಕ್ಕೆ ಕಾರಣವೇನು?

ಸಸ್ಯದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ವಸ್ತುಗಳಲ್ಲಿ ಪೆಕ್ಟಿನ್ ಮುಖ್ಯವಾದುದು. ಬೇಯಿಸಿದಾಗ ಅದು ನೀರಿನಲ್ಲಿ ಕರಗುವುದರಿಂದ ಕೋಶಗಳು ಸಡಿಲಗೊಂಡು ಹೋಳು ಮೆತ್ತಗಾಗುವುದು. ಪೇಠಾ ಮಾಡುವವರು ಹೋಳುಗಳನ್ನು ಚುಚ್ಚಿ, ಮೊದಲು ಸುಣ್ಣದ ನೀರಿನಲ್ಲಿ ನೆನೆಹಾಕುತ್ತಾರೆ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಪೆಕ್ಟಿನ್ನಿನ ನೀಳವಾದ ಅಣುಗಳ ನಡುವೆ ಸೇತುವೆಯಂತೆ ನಿಂತು ಅವನ್ನು ಬೆಸೆಯುತ್ತದೆ. ಹೀಗೆ ಉಂಟಾದ ಕ್ಯಾಲ್ಸಿಯಂ ಪೆಕ್ಟೇಟ್ ಸುಲಭವಾಗಿ ಕರಗದು. ಬಳಿಕ ಪಾಕದಲ್ಲಿ ಸಕ್ಕರೆಯು ಒಳಹೊಕ್ಕು, ನೀರಿನ ಬಹುಭಾಗ ಹೊರಬೀಳುತ್ತದೆ. ಸೂಕ್ಷ್ಮಜೀವಿಗಳಿಗೆ ಬೇಕಾದಷ್ಟು ನೀರು ದೊರೆಯದ ಕಾರಣ ಮಿಠಾಯಿ ಬೇಗ ಕೆಡದು.

ಒಂದು ಎಚ್ಚರಿಕೆಯನ್ನು ನಾವು ಮರೆಯಬಾರದು. ಸುಣ್ಣವು ತೀಕ್ಷ್ಣವಾದ ಕ್ಷಾರ. ಎಲೆಯಡಿಕೆಗೆ ಬಳಸುವ ಸುಣ್ಣವನ್ನೇ ಬಳಸಿ, ಹೋಳುಗಳನ್ನು ಹಲವು ಬಾರಿ ಚೆನ್ನಾಗಿ ತೊಳೆದ ಮೇಲೆಯೇ ಒಲೆಗೆ ಏರಿಸಬೇಕು. ಗೋಡೆಗೆ ಬಳಿಯುವ ಸುಣ್ಣ ಸಲ್ಲದು.