ಊರಿಗೆ ಗೊತ್ತಿರೋದು ಬೇರೆ, ಹುಡುಕಿದ್ರೆ ಸಿಗೋದು ಬೇರೆ

ತುರುವೇಕೆರೆ ಕಡೆ ಯಾರ ತೋಟದಲ್ಲಿ ಎಷ್ಟು ತೆಂಗಿದೆ, ಯಾರ ಕೊಬ್ಬರಿ ಎಷ್ಟು ಚೀಲ ತಿಪಟೂರಿನ ಹರಾಜಿಗೆ ಹೋಯ್ತು, ಯಾರ ಮೇಲೆ ಸಾಲ ಇದೆ, ಎಲ್ಲ ಊರಿಗೇ ಗೊತ್ತಿರುತ್ತೆ. ಅಲ್ಲಿ ಹೋಗಿ ಪ್ರೈವೆಸಿ ಅಂದ್ರೆ ಜನ ನಗ್ತಾರೆ. "ಮುಚ್ಚಿಡೋಕೆ ನಮ್ಮತ್ರ ಏನಿದೆ ಸ್ವಾಮಿ?" ನ್ಯಾಯವಾದ ಪ್ರಶ್ನೆನೇ. ಆದ್ರೆ ನೋಡಿ, ನಿಮ್ಮ ವಿಷಯ ಗೊತ್ತಿರೋ ಪಕ್ಕದ ತೋಟದವನ ವಿಷಯ ನಿಮಗೂ ಗೊತ್ತು. ಎಲ್ಲೋ ಕೂತು ಮೊಬೈಲ್‌ನಲ್ಲಿ ನಿಮ್ಮನ್ನು ಹುಡುಕುವವನು ಯಾರು ಅಂತ ನಿಮಗೆ ತಿಳಿಯೋದೇ ಇಲ್ಲ.

ಪಹಣಿಯನ್ನೇ ತಗೊಳ್ಳಿ. ಭೂಮಿ ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರ್‌ಗೆ ಹಾಕಿತು. ಒಳ್ಳೇ ಕೆಲಸ, ಅನುಮಾನ ಬೇಡ. ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯೋದು ತಪ್ಪಿತು. ಈಗ ಜಿಲ್ಲೆ ತುಮಕೂರು, ತಾಲ್ಲೂಕು ತುರುವೇಕೆರೆ, ಹೋಬಳಿ ಮಾಯಸಂದ್ರ, ಆಮೇಲೆ ಗ್ರಾಮ, ಸರ್ವೆ ನಂಬರ್ ಕೊಟ್ಟರೆ ಮಾಲೀಕರ ಹೆಸರು, ವಿಸ್ತೀರ್ಣ, ಬ್ಯಾಂಕಿನ ಋಣ ಪರದೆ ಮೇಲೆ ಬರುತ್ತೆ. ವಯಸ್ಸು, ತಂದೆ ಅಥವಾ ಗಂಡನ ಹೆಸರು ಮತದಾರರ ಪಟ್ಟಿಯಲ್ಲಿದೆ. ಫೋನ್ ನಂಬರ್ ಯಾರದು ಅಂತ ಹೇಳೋ ಆ್ಯಪ್‌ಗಳಂತೂ ಇದ್ದೇ ಇವೆ.

ನಾನು ಓದಿದ್ದು ಎಂಜಿನಿಯರಿಂಗ್. ಎರಡು ಪಟ್ಟಿಯಲ್ಲಿ ಒಂದೇ ಹೆಸರಿದ್ದರೆ ಜೋಡಿಸೋದು ದೊಡ್ಡ ವಿದ್ಯೆ ಏನಲ್ಲ. ಜೋಡಿಸಿದವನು ಫೋನ್ ಮಾಡಿ, "ಅಜ್ಜಾ, ಇಂಥ ಸರ್ವೆ ನಂಬರ್ ಮೇಲಿನ ನಿಮ್ಮ ಸಾಲ ಮನ್ನಾ ಆಗಿದೆ, ಒಂದು ಓಟಿಪಿ ಬರುತ್ತೆ ಹೇಳಿ" ಅಂದ್ರೆ? ಸರ್ವೆ ನಂಬರೂ ಸರಿ, ಸಾಲವೂ ಸರಿ. ಅಜ್ಜ ನಂಬದೆ ಇನ್ನೇನು ಮಾಡ್ತಾರೆ?

ಚುನಾವಣಾ ಆಯೋಗಕ್ಕೆ ಇದು ಅರ್ಥವಾಗಿದೆ. 2018ರಿಂದ ಪಟ್ಟಿಯನ್ನು ಚಿತ್ರರೂಪದಲ್ಲಿ ಹಾಕ್ತಿದೆ. ಓದಬಹುದು, ಹೆಸರು ಟೈಪ್ ಮಾಡಿ ಹುಡುಕೋದು ಮಾತ್ರ ಕಷ್ಟ. ಅದೂ ಪೂರ್ತಿ ಬೇಲಿಯಲ್ಲ ಬಿಡಿ, ಚಿತ್ರ ಓದುವ ಸಾಫ್ಟ್‌ವೇರ್ ಇದೆ.

ಕಾನೂನು? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದ್ರೆ 2023ರ ದತ್ತಾಂಶ ರಕ್ಷಣಾ ಕಾಯ್ದೆ ಒಂದು ಕಿಂಡಿ ಬಿಟ್ಟಿದೆ: ನೀವೇ ಬಹಿರಂಗ ಮಾಡಿದ, ಅಥವಾ ಕಾನೂನಿನ ಪ್ರಕಾರ ಬಹಿರಂಗವಾದ ಮಾಹಿತಿಗೆ ಅದು ಅನ್ವಯಿಸಲ್ಲ.

ಪಹಣಿ ಮುಚ್ಚಿ ಅಂತ ನಾನು ಹೇಳ್ತಿಲ್ಲ. ಜಮೀನು ಕೊಳ್ಳೋನು ನೋಡಲೇಬೇಕು. ಇಂಥವರು ನಿಮ್ಮ ಪಹಣಿ ನೋಡಿದರು ಅಂತ ಮಾಲೀಕರ ಮೊಬೈಲ್‌ಗೂ ಒಂದು ಎಸ್ಸೆಮ್ಮೆಸ್ ಹೋಗಲಿ, ಅಷ್ಟೇ ಕೇಳ್ತಿರೋದು.