ಅಲರ್ಜಿ ಕ್ಲಿನಿಕ್: ತಪಾಸಣೆ ಬೋರ್ಡಿಗಷ್ಟೇ ಅಲ್ಲ, ಪರೀಕ್ಷೆಗೂ ಬೇಕು

ಸೀನು, ಮೂಗು ಸೋರಿಕೆ, ಮೈತುರಿಕೆ, ಪಿತ್ತಗಂಧೆ, ಉಬ್ಬಸ. ಬಳ್ಳಾರಿ ಜಿಲ್ಲೆಯ ವೈದ್ಯರಿಗೆ ಇವು ದಿನನಿತ್ಯದ ದೂರುಗಳು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಊರಿನ ಹೆಸರನ್ನೇ ಹೊತ್ತಿರುವ ಬಳ್ಳಾರಿ ಜಾಲಿಯ ಪರಾಗ, ಬೀಳು ಜಮೀನಿನ ಕಾಂಗ್ರೆಸ್ ಗಿಡ, ಅದಿರು ಲಾರಿಗಳು ಎಬ್ಬಿಸುವ ಕೆಂಪು ಧೂಳು, ಸಿರುಗುಪ್ಪದ ಅಕ್ಕಿ ಗಿರಣಿಗಳ ಹೊಟ್ಟು, ಕುರುಗೋಡು ಕಡೆ ಒಣಹಾಕಿದ ಮೆಣಸಿನಕಾಯಿಯ ಘಾಟು, ಎಲ್ಲವೂ ನಮ್ಮ ಗಾಳಿಯಲ್ಲಿವೆ. ಜಾಲಿಯ ಪರಾಗ, ಕಾಂಗ್ರೆಸ್ ಗಿಡ ನಿಜವಾದ ಅಲರ್ಜಿ ತರುತ್ತವೆ. ಮೆಣಸಿನಕಾಯಿಯ ಘಾಟು ಸಾಮಾನ್ಯವಾಗಿ ಮೂಗು, ಗಂಟಲನ್ನು ಕೆರಳಿಸುತ್ತದೆ, ಅಷ್ಟೇ. ಯಾವುದು ಯಾವುದೆಂದು ತಿಳಿಯಲು ತರಬೇತಿ ಬೇಕು.

ಆದ್ದರಿಂದ ಅಲರ್ಜಿಗೆಂದೇ ಕ್ಲಿನಿಕ್‌ಗಳು ಇರುವುದು ಒಳ್ಳೆಯದೇ. ಆದರೆ 'ಒಂದು ಸಲ ರಕ್ತ ಕೊಡಿ, ನೂರು ಆಹಾರಗಳಲ್ಲಿ ನಿಮಗೆ ಒಗ್ಗದ್ದು ಯಾವುದೆಂದು ಹೇಳುತ್ತೇವೆ' ಎಂಬ ಜಾಹೀರಾತುಗಳೂ ಇವುಗಳ ಜೊತೆ ಬಂದಿವೆ. ಇಂಥ ಕ್ಲಿನಿಕ್‌ಗಳನ್ನು ಯಾರು ನೋಡುತ್ತಾರೆ? ಏನನ್ನು ನೋಡಬೇಕು?

ಕಾನೂನು ಏನಿದೆ?

ನಮ್ಮ ರಾಜ್ಯದಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರಿಂದ ಇದೆ. ಕೆ.ಪಿ.ಎಂ.ಇ. ಎಂದು ಇದು ಪರಿಚಿತ. ದೊಡ್ಡ ಆಸ್ಪತ್ರೆಯಿಂದ ಹಿಡಿದು ಒಂದೇ ಕೋಣೆಯ ಕ್ಲಿನಿಕ್ ಮತ್ತು ರಕ್ತಪರೀಕ್ಷಾ ಕೇಂದ್ರದವರೆಗೆ ಎಲ್ಲವೂ ಇದರಡಿ ನೋಂದಣಿಯಾಗಬೇಕು. ನೋಂದಣಿ ಇಲ್ಲದೆ ನಡೆಸುವುದು ಶಿಕ್ಷಾರ್ಹ ಅಪರಾಧ. ಜಿಲ್ಲಾ ಮಟ್ಟದ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ.

ಈ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಯಿತು. ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯ ವರದಿ, ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಅವರ ಮಸೂದೆ, ಆ ವರ್ಷದ ನವೆಂಬರ್‌ನಲ್ಲಿ ಖಾಸಗಿ ವೈದ್ಯರ ಮುಷ್ಕರ, ಇವೆಲ್ಲ ಓದುಗರಿಗೆ ನೆನಪಿರಬಹುದು. ಜಗಳದ ಸುದ್ದಿಯಲ್ಲಿ ಒಂದು ಮುಖ್ಯ ಅಂಶ ಮರೆಯಾಯಿತು. ರೋಗಿಗಳ ಹಕ್ಕುಗಳ ಸನ್ನದು ಮತ್ತು ದೂರು ಕೇಳುವ ಜಿಲ್ಲಾ ವ್ಯವಸ್ಥೆ ಈ ತಿದ್ದುಪಡಿಯಿಂದ ಬಂದವು. 2024ರಲ್ಲಿ ಆರೋಗ್ಯ ಇಲಾಖೆ ಮತ್ತೊಂದು ಸೂಚನೆ ಹೊರಡಿಸಿತು. ನೋಂದಣಿ ಸಂಖ್ಯೆ ಕಾಣುವಂತೆ ಬೋರ್ಡು ಹಾಕಬೇಕು, ಅಲೋಪತಿಯವರ ಬೋರ್ಡು ಆಕಾಶನೀಲಿ, ಆಯುರ್ವೇದದವರದು ಹಸಿರು ಬಣ್ಣದ್ದಿರಬೇಕು ಎಂಬುದು ಅದು.

ಬೋರ್ಡು ಸರಿ, ಒಳಗೆ?

ತಪಾಸಣೆಗೆ ಬಂದ ಅಧಿಕಾರಿಗಳು ಪ್ರಮಾಣಪತ್ರ, ವೈದ್ಯರ ಪದವಿ, ದರಪಟ್ಟಿ, ಜೈವಿಕ ತ್ಯಾಜ್ಯದ ಬಣ್ಣದ ಚೀಲಗಳನ್ನು ನೋಡುತ್ತಾರೆ. ಇವೆಲ್ಲ ಬೇಕಾದ್ದೇ. ನಕಲಿ ವೈದ್ಯರು ಸಿಕ್ಕಿಬೀಳುವುದು ಇದರಿಂದಲೇ. ಆದರೆ ಕಾಗದಪತ್ರವೆಲ್ಲ ಸರಿಯಿರುವ ಕ್ಲಿನಿಕ್‌ನಲ್ಲೂ ಅರ್ಥವಿಲ್ಲದ ಪರೀಕ್ಷೆ ನಡೆಯಬಹುದು.

ಉದಾಹರಣೆಗೆ ಆಹಾರದ ಐಜಿಜಿ ಪರೀಕ್ಷೆ. ನಮ್ಮ ರಕ್ತದಲ್ಲಿ ಐಜಿಇ ಮತ್ತು ಐಜಿಜಿ ಎಂಬ ಪ್ರತಿಕಾಯಗಳಿವೆ. ತಿಂದ ಕೂಡಲೇ ಮೈಮೇಲೆ ಗಂಧೆ ಏಳುವ, ತುಟಿ ಊದುವ, ಉಸಿರು ಕಟ್ಟುವ ಅಲರ್ಜಿಗೆ ಸಂಬಂಧಿಸಿದ್ದು ಐಜಿಇ. ಐಜಿಜಿ ಬೇರೆ. ನಾವು ಮತ್ತೆ ಮತ್ತೆ ತಿನ್ನುವ ಆಹಾರದ ವಿರುದ್ಧ ಅದು ಆರೋಗ್ಯವಂತರಲ್ಲೂ ಇರುತ್ತದೆ. ದಿನವೂ ಅನ್ನ, ಮೊಸರು, ಶೇಂಗಾ ಚಟ್ನಿ ತಿನ್ನುವವರ ವರದಿಯಲ್ಲಿ ಅನ್ನ, ಮೊಸರು, ಶೇಂಗಾ 'ಕೆಂಪು ಪಟ್ಟಿ'ಗೆ ಬಂದರೆ, ಅವರು ಅವನ್ನು ತಿಂದಿದ್ದಾರೆ ಎಂದಷ್ಟೇ ಅರ್ಥ. ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲಿ, ಅಮೆರಿಕದ ಅಕಾಡೆಮಿ 2010ರಲ್ಲಿ, ಕೆನಡಾದ ತಜ್ಞರ ಸಂಘ 2012ರಲ್ಲಿ ಆಹಾರದ ಒಗ್ಗದಿಕೆ ಪತ್ತೆಗೆ ಈ ಪರೀಕ್ಷೆ ಬೇಡವೆಂದು ಹೇಳಿವೆ. ಕೂದಲಿನ ಪರೀಕ್ಷೆ, ಕೈಗೆ ವಿದ್ಯುತ್ ಕಡ್ಡಿ ಹಿಡಿಸಿ ಯಂತ್ರದಲ್ಲಿ ಅಂಕಿ ತೋರಿಸುವುದು ಇವುಗಳಿಗೂ ಆಧಾರವಿಲ್ಲ.

ಹಣ ಹೋದರೆ ಹೋಯಿತು ಎಂದು ಸುಮ್ಮನಿರುವಂತಿಲ್ಲ. ಸಿರುಗುಪ್ಪ ಕಡೆಯ ಒಂದು ಮಗುವನ್ನು ನನ್ನ ಬಳಿ ಕರೆತಂದಿದ್ದರು. ಇಂಥ ವರದಿಯೊಂದನ್ನು ನಂಬಿ ಮನೆಯವರು ಹಾಲು, ಮೊಟ್ಟೆ, ಗೋಧಿ, ತೊಗರಿಬೇಳೆ, ಶೇಂಗಾ ಎಲ್ಲ ಬಿಡಿಸಿದ್ದರು. ಮಗುವಿಗೆ ಉಳಿದದ್ದು ಅನ್ನ, ತಿಳಿಸಾರು. ಮೈತುರಿಕೆ ಇದ್ದಲ್ಲಿಯೇ ಇತ್ತು, ತೂಕ ಮಾತ್ರ ಇಳಿದಿತ್ತು. ತುರಿಕೆಗೆ ಕಾರಣ ಕಜ್ಜಿ. ಮನೆಮಂದಿಗೆಲ್ಲ ಮುಲಾಮು ಹಚ್ಚಿಸಿ, ಮಗುವಿಗೆ ಊಟ ಮರಳಿ ಕೊಡಿಸಿದ್ದಾಯಿತು. ಬೆಳೆಯುವ ಮಗುವಿನ ತಟ್ಟೆಯಿಂದ ಬೇಳೆ, ಹಾಲು ತೆಗೆಯುವುದು ಔಷಧ ಬರೆದಷ್ಟೇ ಜವಾಬ್ದಾರಿಯ ಕೆಲಸ.

ಸರಿಯಾದ ಪರೀಕ್ಷೆ ಯಾವುದು?

ಮೊದಲನೆಯದು ರೋಗಿಯ ಮಾತು. ಏನು ತಿಂದಾಗ, ಎಷ್ಟು ಹೊತ್ತಿಗೆ, ಪ್ರತಿ ಸಲವೂ ಆಗುತ್ತದೆಯೇ ಎಂದು ಕೇಳಬೇಕು. ಆಮೇಲೆ ಮುಂಗೈ ಮೇಲೆ ಹನಿ ಇಟ್ಟು ಸೂಜಿಮೊನೆ ತಾಗಿಸುವ ಚರ್ಮಪರೀಕ್ಷೆ ಅಥವಾ ಐಜಿಇ ರಕ್ತಪರೀಕ್ಷೆ. ಇವೂ ಅಂತಿಮವಲ್ಲ. ಚರ್ಮದ ಮೇಲೆ ದದ್ದು ಎದ್ದರೂ ಆ ಪದಾರ್ಥ ತಿಂದು ಅರಗಿಸಿಕೊಳ್ಳುವವರು ಬಹಳ ಮಂದಿ.

ಒಗ್ಗದಿಕೆಯ ವಿಷಯ ಬೇರೆ. ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ ಆಗುವವರಲ್ಲಿ ಅನೇಕರಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಕೆಲವು ದಿನ ಹಾಲು ಬಿಟ್ಟು, ಮತ್ತೆ ಕುಡಿದು ನೋಡಿದರೆ ಸಾಮಾನ್ಯವಾಗಿ ತಿಳಿಯುತ್ತದೆ. ಇವರಲ್ಲಿ ಅನೇಕರಿಗೆ ಮೊಸರು ಆಗಿಬರುತ್ತದೆ. ಗೋಧಿಯಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ಸಂಶಯವಿದ್ದರೆ ಮಾತ್ರ ರಕ್ತಪರೀಕ್ಷೆಗೆ ಮೊದಲೇ ಗೋಧಿ ಬಿಡಬಾರದು. ಬಿಟ್ಟರೆ ಕಾಯಿಲೆ ಇದ್ದರೂ ವರದಿಯಲ್ಲಿ ಕಾಣದೆ ಹೋಗಬಹುದು.

ತಪಾಸಣೆಯಲ್ಲಿ ನೋಡಬೇಕಾದ್ದು

ಅಲರ್ಜಿ ಕ್ಲಿನಿಕ್ ಎಂದರೆ ಅಪಾಯವಿಲ್ಲದ ಜಾಗವೆಂಬ ಭಾವನೆಯಿದೆ. ಅಲ್ಲಿ ಒಗ್ಗದ ವಸ್ತುವನ್ನೇ ಮೈಗೆ ತಾಗಿಸುತ್ತಾರೆ, ಚುಚ್ಚುತ್ತಾರೆ ಎಂಬುದು ನೆನಪಿರಲಿ. ಅಪರೂಪಕ್ಕೆ ರಕ್ತದೊತ್ತಡ ಕುಸಿದು, ಗಂಟಲು ಊದಿ, ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಕುತ್ತು ಬರಬಹುದು. ಆಗ ಮೊದಲ ಮದ್ದು ಅಡ್ರಿನಲಿನ್. ಅದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ತಕ್ಷಣ ಕೊಡಬೇಕು. ಆದ್ದರಿಂದ ಅಧಿಕಾರಿಗಳು ಪ್ರಮಾಣಪತ್ರದ ಜೊತೆಗೆ ತುರ್ತು ಟ್ರೇಯನ್ನೂ ತೆಗೆಸಿ ನೋಡಬೇಕು. ಅಡ್ರಿನಲಿನ್ ಇದೆಯೇ, ಅವಧಿ ಮುಗಿದಿದೆಯೇ, ಆಮ್ಲಜನಕದ ಸಿಲಿಂಡರ್ ತುಂಬಿದೆಯೇ, ಅಲ್ಲಿನ ಸಿಬ್ಬಂದಿಗೆ ಪ್ರಮಾಣ ಗೊತ್ತಿದೆಯೇ ಎಂದು ಕೇಳಬೇಕು. ಚುಚ್ಚುಮದ್ದು ಪಡೆದವರನ್ನು ಅರ್ಧ ಗಂಟೆ ಕೂರಿಸಿಕೊಳ್ಳುತ್ತಾರೆಯೇ ಎಂಬುದನ್ನೂ ಗಮನಿಸಬೇಕು.

ಪರೀಕ್ಷೆಯ ದ್ರಾವಣಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬಳ್ಳಾರಿಯ ಬೇಸಿಗೆಯಲ್ಲಿ, ಕರೆಂಟು ಹೋದಾಗ ಫ್ರಿಜ್‌ನ ಗತಿಯೇನು ಎಂಬುದು ಸಣ್ಣ ಪ್ರಶ್ನೆಯಲ್ಲ. ಬಾಟಲಿಯೊಳಗಿನ ದ್ರವದ ಗುಣಮಟ್ಟ ಎಷ್ಟು ಮುಖ್ಯವೆಂಬುದನ್ನು ಈ ಊರು ನೋವುಂಡು ತಿಳಿದಿದೆ. 2024ರ ನವೆಂಬರ್‌ನಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ತೀರಿಕೊಂಡಾಗ ಸಂಶಯ ಹೋದದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದು ಸರ್ಕಾರಿ ಆಸ್ಪತ್ರೆ. ತಪಾಸಣೆಯ ಕಣ್ಣು ಖಾಸಗಿ, ಸರ್ಕಾರಿ ಎಂದು ಭೇದ ಮಾಡಬಾರದು.

ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ 2009ರಿಂದ ಈ ಕೆಲಸ ಮಾಡುತ್ತಿದೆ. ಕಂಡದ್ದನ್ನು ವರದಿಯಾಗಿ ಪ್ರಕಟಿಸುತ್ತದೆ. ಯಾರು ಬೇಕಾದರೂ ಓದಬಹುದು. ನಮ್ಮಲ್ಲೂ ತಪಾಸಣೆಯ ಫಲಿತಾಂಶವನ್ನು ನೋಂದಣಿ ಪತ್ರದ ಪಕ್ಕದಲ್ಲಿ ಕನ್ನಡದಲ್ಲಿ ತೂಗುಹಾಕಿಸಿದರೆ ರೋಗಿಗೆ ನೆರವು, ಪ್ರಾಮಾಣಿಕ ವೈದ್ಯರಿಗೆ ಗೌರವ.

ನೀವು ಕೇಳಬೇಕಾದ ಪ್ರಶ್ನೆಗಳು

* ನೋಂದಣಿ ಸಂಖ್ಯೆ ಎಲ್ಲಿ ಹಾಕಿದ್ದೀರಿ? ವೈದ್ಯರ ಪದವಿ ಏನು?
* ಈ ಪರೀಕ್ಷೆ ಐಜಿಇಯೋ, ಐಜಿಜಿಯೋ? ಫಲಿತಾಂಶದಿಂದ ಚಿಕಿತ್ಸೆ ಹೇಗೆ ಬದಲಾಗುತ್ತದೆ?
* ಒಟ್ಟು ಖರ್ಚೆಷ್ಟು? ರಸೀದಿ ಮತ್ತು ವರದಿಯ ಪ್ರತಿ ಕೊಡುತ್ತೀರಾ?
* ಆಹಾರ ಬಿಡುವುದಾದರೆ ಎಷ್ಟು ದಿನ? ಅದರ ಬದಲಿಗೆ ಏನು ಕೊಡಬೇಕು?
* ಚುಚ್ಚಿದ ನಂತರ ತೊಂದರೆಯಾದರೆ ಏನು ಮಾಡುತ್ತೀರಿ?

ಕೇಳಿದ್ದಕ್ಕೆ ಸಿಡುಕುವ ಕಡೆ ಪರೀಕ್ಷೆ ಮಾಡಿಸಬೇಡಿ. ಅನುಮಾನವಿದ್ದರೆ ಸಿರುಗುಪ್ಪ, ಕುರುಗೋಡಿನವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬಹುದು. ಅಲ್ಲಿಂದ ಅಗತ್ಯಬಿದ್ದರೆ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ, ಅಂದರೆ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವಲ್ಲಿಗೆ, ಬರಬಹುದು. ಮೋಸವಾಗಿದೆ ಎನಿಸಿದರೆ ರಸೀದಿ, ವರದಿಗಳ ಪ್ರತಿಯೊಂದಿಗೆ ಜಿಲ್ಲಾ ಆರೋಗ್ಯಾಧಿಕಾರಿಗೆ ಲಿಖಿತ ದೂರು ಕೊಡಿ. ದೂರು ಬಾರದಿದ್ದರೆ ಅಧಿಕಾರಿಗೆ ಬೋರ್ಡಿನ ಬಣ್ಣ ಕಾಣುತ್ತದೆಯೇ ಹೊರತು ಒಳಗಿನ ವಿಷಯ ತಿಳಿಯುವುದಿಲ್ಲ.