ಮುಚ್ಚಿರಲಿ, ಬೀಗ ಮಾತ್ರ ಬೇಡ

ದೊಡ್ಡ ಆಸ್ಪತ್ರೆ, ಜವಳಿ ಮಳಿಗೆ ಅಥವಾ ಬಹುಮಹಡಿ ಕಚೇರಿಯ ಮೆಟ್ಟಿಲ ಬಳಿ ಭಾರವಾದ ಬಾಗಿಲೊಂದನ್ನು ನೀವು ನೋಡಿರಬಹುದು. ತಳ್ಳಿದರೆ ತೆರೆಯುತ್ತದೆ, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಟೀ ತಟ್ಟೆ ಹಿಡಿದು ದಿನಕ್ಕೆ ಹತ್ತು ಸಲ ಓಡಾಡುವವನಿಗೆ ಇದೊಂದು ಕಿರಿಕಿರಿ. ಹಾಗಾಗಿ ಇಟ್ಟಿಗೆಯನ್ನೋ ಕಸದ ಡಬ್ಬವನ್ನೋ ಒತ್ತುಕೊಟ್ಟು ಸದಾ ತೆರೆದಿಟ್ಟಿರುತ್ತಾರೆ. ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನೇ ಒತ್ತುಕೊಟ್ಟದ್ದನ್ನೂ ನಾನು ಕಂಡಿದ್ದೇನೆ!

ಇದೇ ‘ಫೈರ್ ಡೋರ್’. ಹೆಸರಿಗೆ ಬೆಂಕಿ ತಡೆಯುವ ಬಾಗಿಲಾದರೂ ಇದು ಮೊದಲು ತಡೆಯಬೇಕಾದದ್ದು ಹೊಗೆಯನ್ನು.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ ಮೇಲಿನ ಮಹಡಿಗಳಲ್ಲಿದ್ದವರನ್ನು ಕಂಗೆಡಿಸಿದ್ದು ದಟ್ಟ ಹೊಗೆ. ಮೆಟ್ಟಿಲಿಳಿಯಲಾಗದೆ ಗಾಜು ಒಡೆದು ಕೆಲವರು ಕೆಳಕ್ಕೆ ಜಿಗಿದರು. ಒಟ್ಟು 9 ಜನ ಪ್ರಾಣ ಕಳೆದುಕೊಂಡರು.

ಹೊಗೆ ಮೇಲಕ್ಕೇ ಏಕೆ ನುಗ್ಗುತ್ತದೆ? ಎರಡು ಚಿಮಣಿಗಳ ಪೆಟ್ಟಿಗೆಯಲ್ಲಿ ಮೇಣದಬತ್ತಿ ಹಚ್ಚಿ, ಊದುಬತ್ತಿಯ ಹೊಗೆ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರುವುದನ್ನು ಶಾಲೆಯಲ್ಲಿ ನೋಡಿದ್ದು ನೆನಪಿರಬಹುದು. 20 ಡಿಗ್ರಿ ಸೆಲ್ಸಿಯಸ್‌ನ ಗಾಳಿ 600 ಡಿಗ್ರಿಗೆ ಕಾದರೆ ಸುಮಾರು ಮೂರು ಪಟ್ಟು ಹಿಗ್ಗುತ್ತದೆ, ಅಷ್ಟೇ ಹಗುರಾಗುತ್ತದೆ. ಬಾಗಿಲಿಲ್ಲದ ಮೆಟ್ಟಿಲ ಗೂಡು ಆಗ ದೊಡ್ಡದೊಂದು ಚಿಮಣಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬೆಂಕಿಯ ಝಳ ತಾಗುವ ಮೊದಲೇ ಮನುಷ್ಯ ಕುಸಿಯುತ್ತಾನೆ.

ಆದ್ದರಿಂದಲೇ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಇಂಥ ಚಿಮಣಿಯಾಗಬಲ್ಲ ಮೆಟ್ಟಿಲು ಮತ್ತು ಲಿಫ್ಟ್ ಅಂಗಳದ ಬಾಗಿಲುಗಳಿಗೆ 120 ನಿಮಿಷಗಳ ತಾಳಿಕೆ ಕೇಳುತ್ತದೆ. ಇದು ಬಾಯಿಮಾತಿನ ಲೆಕ್ಕವಲ್ಲ. ಬಾಗಿಲನ್ನು ಚೌಕಟ್ಟು, ಕೀಲು, ಚಿಲಕಗಳ ಸಮೇತ ಕುಲುಮೆಯೊಂದರ ಬಾಯಿಗೆ ಕೂರಿಸಿ ಕಾಯಿಸುತ್ತಾರೆ. ಅಂತರರಾಷ್ಟ್ರೀಯ ಪರೀಕ್ಷಾ ಕ್ರಮದಂತೆ ಕುಲುಮೆಯ ಶಾಖ 5 ನಿಮಿಷಕ್ಕೆ 576 ಡಿಗ್ರಿ, 30 ನಿಮಿಷಕ್ಕೆ 842, ಎರಡು ಗಂಟೆಗೆ 1049 ಡಿಗ್ರಿ ಮುಟ್ಟಬೇಕು. ಅಲ್ಯೂಮಿನಿಯಂ 660 ಡಿಗ್ರಿಯಲ್ಲೇ ಕರಗುತ್ತದೆ. ಅಂದ ಚೆಂದಕ್ಕೆಂದು ಕೀಲು ಬದಲಾಯಿಸುವವರು ಈ ಅಂಕಿಗಳನ್ನು ಒಮ್ಮೆ ಓದಬೇಕು.

ಪರೀಕ್ಷೆಯಲ್ಲಿ ಗೆದ್ದ ಬಾಗಿಲು ಕಟ್ಟಡದಲ್ಲಿ ಸೋಲುವುದು ಕೂರಿಸುವಾಗ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದು ಸುಮಾರು 3 ಮಿಲಿಮೀಟರ್ ಇದ್ದರೆ ಚೆನ್ನ. ಒಂದು ರೂಪಾಯಿಯ ಎರಡು ನಾಣ್ಯಗಳನ್ನು ಜೋಡಿಸಿ ತೂರಿಸಿ ನೋಡಿದರೆ ಅಂದಾಜು ಸಿಗುತ್ತದೆ. ಬಾಗಿಲಂಚಿನ ಅಥವಾ ಚೌಕಟ್ಟಿನ ಗಾಡಿಯಲ್ಲಿ ಒಂದು ಪಟ್ಟಿ ಇರುತ್ತದೆ. ಸುಮಾರು 200 ಡಿಗ್ರಿ ಶಾಖಕ್ಕೆ ಅದು ಹಪ್ಪಳದಂತೆ ಉಬ್ಬಿ ಸಂದನ್ನು ಮುಚ್ಚುತ್ತದೆ. ಬಣ್ಣ ಬಳಿಯುವಾಗ ಅದನ್ನು ‘ಹಳೇ ರಬ್ಬರ್’ ಎಂದು ಕಿತ್ತೆಸೆದರೆ ಮುಗಿಯಿತು! ಇನ್ನು, ಹೊಗೆ ಮೊದಲಿಗೆ ಅಷ್ಟು ಬಿಸಿ ಇರುವುದಿಲ್ಲ. ಆಗ ಆ ಪಟ್ಟಿ ಉಬ್ಬದು. ಆದ್ದರಿಂದ ತಣ್ಣನೆಯ ಹೊಗೆಗೆಂದೇ ಬ್ರಷ್‌ನಂಥ ಅಥವಾ ಮೆದು ರಬ್ಬರಿನ ಇನ್ನೊಂದು ಅಂಚು ಬೇಕಾಗುತ್ತದೆ. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಸಾಮಾನ್ಯ ಫೋಮ್ ತುಂಬುವುದು ಇನ್ನೊಂದು ಅನಾಹುತ. ಅದು ತಾನೇ ಉರಿಯುವ ವಸ್ತು. ಗಾರೆಯನ್ನೋ ಪರೀಕ್ಷಿತ ಅಗ್ನಿನಿರೋಧಕ ವಸ್ತುವನ್ನೋ ತುಂಬಬೇಕು. ಬಾಗಿಲು ಬಂದ ಮೇಲೆ ಕೇಬಲ್ಲಿಗೆಂದು ತೂತು ಕೊರೆಯುವುದು, ಗಾಜು ಕೂರಿಸಲು ಕತ್ತರಿಸುವುದು ಇವೂ ಅದೇ ಸಾಲಿಗೆ ಸೇರಿದವು.

ಓಡಾಟ ಹೆಚ್ಚಿರುವ ಕಡೆ ಬಾಗಿಲನ್ನು ತೆರೆದಿಡಲೇಬೇಕೆಂದರೆ ಅದಕ್ಕೂ ದಾರಿಯುಂಟು. ವಿದ್ಯುತ್ಕಾಂತವೊಂದು ಬಾಗಿಲನ್ನು ಹಿಡಿದಿಟ್ಟಿರುತ್ತದೆ. ಹೊಗೆಯ ಎಚ್ಚರಿಕೆ ಗಂಟೆ ಹೊಡೆದೊಡನೆ ವಿದ್ಯುತ್ ಕಡಿದು, ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಇಟ್ಟಿಗೆಗೆ ಇಂಥ ಬುದ್ಧಿ ಇಲ್ಲ.

ಇದಕ್ಕೆ ತದ್ವಿರುದ್ಧವಾದ ತಪ್ಪೆಂದರೆ ಬೀಗ. ಕಳ್ಳರ ಭಯಕ್ಕೋ, ಗಿರಾಕಿಗಳು ದುಡ್ಡು ಕೊಡದೆ ಹೋದಾರೆಂದೋ ತುರ್ತು ಬಾಗಿಲಿಗೆ ಸರಪಳಿ ಬಿಗಿಯುತ್ತಾರೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಕೆಳಗಿನ ಟ್ರಾನ್ಸ್‌ಫಾರ್ಮರಿನಿಂದ ಎದ್ದ ಹೊಗೆ ಮೆಟ್ಟಿಲ ಗೂಡಿನಲ್ಲೇರಿ ಬಾಲ್ಕನಿ ಹೊಕ್ಕಿತು. ಅಲ್ಲಿ ಹೊರದಾರಿಯೊಂದನ್ನು ಹೆಚ್ಚುವರಿ ಆಸನಗಳಿಗಾಗಿ ಮುಚ್ಚಿಯಾಗಿತ್ತು. ಬಾಗಿಲುಗಳಿಗೆ ಅಗುಳಿ ಬಿದ್ದಿತ್ತು. ಅಂದು ಸತ್ತವರು 59 ಮಂದಿ. ಹೊರದಾರಿಯ ಬಾಗಿಲು ಒಳಗಿನವರಿಗೆ ಕೀಲಿಕೈ ಇಲ್ಲದೆ ತೆರೆಯಬೇಕು ಎಂಬುದು ಸಂಹಿತೆಯ ಸ್ಪಷ್ಟ ಮಾತು. ಮೈಭಾರ ಬಿದ್ದರೆ ಚಿಲಕ ಬಿಡುವ ಅಡ್ಡಪಟ್ಟಿ ಜೋಡಿಸಿದರೆ ಹೊರಗಿನವರು ಒಳಬರಲಾರರು, ಒಳಗಿನವರು ಸಿಕ್ಕಿಬೀಳಲಾರರು.

ಮುಂದಿನ ಸಲ ಆಸ್ಪತ್ರೆಗೋ ಮಳಿಗೆಗೋ ಹೋದಾಗ ಬಾಗಿಲ ಕೀಲಿರುವ ಅಂಚನ್ನು ನೋಡಿ. ತಯಾರಕರ ಹೆಸರು, ತಾಳಿಕೆಯ ನಿಮಿಷಗಳಿರುವ ಫಲಕ ಅಲ್ಲಿರಬಹುದು. ಅನಂತರ ಬಾಗಿಲನ್ನು ಒಂದು ಗೇಣು ತೆರೆದು ಕೈಬಿಡಿ. ಚಿಲಕ ತಾನಾಗಿ ಕಚ್ಚಿಕೊಳ್ಳದಿದ್ದರೆ ಅಲ್ಲಿನ ಮ್ಯಾನೇಜರಿಗೆ ತಿಳಿಸಿ. ಎಷ್ಟೋ ಸಲ ಡೋರ್ ಕ್ಲೋಸರಿನ ತಿರುಪು ಸರಿಪಡಿಸಿದರೆ ಸಾಕು, ಐದು ನಿಮಿಷದ ಕೆಲಸ.